ಕಳ್ಳ ಸಿಗದಿದ್ದರೆ ಕೊತ್ವಾಲನೇ ದುಡ್ಡು ಕಟ್ಟಬೇಕು

ಕಳೆದ ವಾರದ ಮಾತಿನ ಬರಹ ರೂಪ ಇದು. ವಿಡಿಯೋದಲ್ಲಿ ಅವಸರವಾಗಿ ಹೇಳಿ ಮುಂದೆ ಹೋದ ಒಂದೆರಡು ವಿಷಯಗಳನ್ನು ಇಲ್ಲಿ ಸ್ವಲ್ಪ ಬಿಡಿಸಿ ಬರೆದಿದ್ದೇನೆ. ಒಂದು ಊರಿನ ಪೊಲೀಸ್ ಮುಖ್ಯಸ್ಥ ಏನೇನು ಮಾಡಬೇಕು, ಅವನು ಎಂಥವನಾಗಿರಬೇಕು ಅಂತ ನಮ್ಮ ಹಳೇ ಕಾಲದವರು ಏನು ಬರೆದಿಟ್ಟಿದ್ದರು ಅನ್ನೋದು ವಿಷಯ. ನಾನು ಇತಿಹಾಸ ಓದಿದವನಲ್ಲ, ಎಂಟೆಕ್ ಮಾಡಿ ಕೋಡ್ ಬರೆಯೋನು. ಈ ವಿಷಯಕ್ಕೆ ಬಂದದ್ದು ಒಂದು ಲ್ಯಾಪ್‌ಟಾಪ್ ಕಳೆದುಕೊಂಡ ಮೇಲೆ. ಕ್ಷಮಿಸಿ, ‘ಕಳೆದುಕೊಂಡ’ ಅಲ್ಲ. ಆ ಪದದ್ದೇ ಎಲ್ಲ ತಕರಾರು.

ಹರವಲಾ

2019ರಲ್ಲಿ ನಾನು ಪುಣೆಗೆ ಬಂದು ಎರಡು ವರ್ಷ ಆಗಿತ್ತು. ಮೂರು ಜನ ಸೇರಿ ಒಂದು ಫ್ಲ್ಯಾಟ್ ಬಾಡಿಗೆಗೆ ತಗೊಂಡಿದ್ವಿ. ಒಂದು ಬೆಳಿಗ್ಗೆ ರೂಮ್‌ಮೇಟ್ ಹಾಲು ತರೋಕೆ ಕೆಳಗೆ ಹೋದವನು ಬಾಗಿಲು ಎಳೆದುಕೊಂಡು ಹೋಗಿದ್ದ, ಲಾಕ್ ಆಗಿರಲಿಲ್ಲ. ನಾನು ಸ್ನಾನಕ್ಕೆ ಹೋಗಿದ್ದೆ. ಹೊರಗೆ ಬರುವಷ್ಟರಲ್ಲಿ ಟೇಬಲ್ ಮೇಲೆ ಚಾರ್ಜರ್ ಮಾತ್ರ ಇತ್ತು. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದರು ಅನ್ನೋ ಹಾಗೆ ಆಮೇಲೆ ಎರಡು ಲಾಕ್ ಹಾಕಿಸಿದ್ವಿ ಅನ್ನೋದು ಬೇರೆ ಮಾತು.

ಠಾಣೆಗೆ ಹೋದೆ. ಅಲ್ಲಿದ್ದವರು ಕೂರಿಸಿ, ನೀರು ಕೊಟ್ಟು, ಸಮಾಧಾನವಾಗಿ ಎಲ್ಲ ಕೇಳಿಸಿಕೊಂಡರು. ನನಗೆ ಮರಾಠಿ ಬರಲ್ಲ ಅಂತ ಅವರೇ ದೂರು ಬರೆದುಕೊಟ್ಟರು. ಓದಿದ ಹಾಗೆ ಮಾಡಿ ಸಹಿ ಹಾಕಿದೆ. ಮರುದಿನ ಆಫೀಸಿನಲ್ಲಿ ಅಡ್ಮಿನ್‌ನವರಿಗೆ ಆ ಕಾಗದ ಕೊಟ್ಟರೆ, ಓದಿ ನನ್ನ ಮುಖ ನೋಡಿದರು. “ಇದರಲ್ಲಿ ‘ಹರವಲಾ’ ಅಂತಿದೆ. ಕಳೆದುಹೋಯ್ತು ಅಂತ. ಕಳ್ಳತನ ಅಂತ ಎಲ್ಲೂ ಇಲ್ವಲ್ಲ. ಇನ್ಶೂರೆನ್ಸ್‌ನವರು ಒಪ್ಪಲ್ಲ.”

ನನಗೆ ಭಾಷೆ ಬರದೆ ಎಲ್ಲೋ ತಪ್ಪಾಗಿದೆ ಅಂದುಕೊಂಡು ವಾಪಸ್ ಹೋದೆ. ತಪ್ಪಾಗಿರಲಿಲ್ಲ. ಅದೇ ವ್ಯಕ್ತಿ ಹಿಂದಿಯಲ್ಲಿ ಹೇಳಿದ್ದರ ಸಾರಾಂಶ ಇಷ್ಟು: ಕಳ್ಳತನ ಅಂತ ಬರೆದರೆ ನಮ್ಮ ಲೆಕ್ಕಕ್ಕೆ ಒಂದು ಕೇಸು ಸೇರುತ್ತೆ, ಅದು ಪತ್ತೆ ಆಗಲ್ಲ, ತಿಂಗಳ ಮೀಟಿಂಗ್‌ನಲ್ಲಿ ಮೇಲಿನವರಿಗೆ ಉತ್ತರ ಹೇಳಬೇಕು. ಕಳೆದುಹೋಯ್ತು ಅಂದರೆ ಯಾರಿಗೂ ತೊಂದರೆ ಇಲ್ಲ.

ಸಿಟ್ಟು ಬಂತು. ಆದರೆ ಬಸ್ಸಿನಲ್ಲಿ ಬರುವಾಗ ಒಂದು ವಿಷಯ ನೆನಪಾಗಿ ಸಿಟ್ಟು ಅರ್ಧ ಇಳಿಯಿತು. ನಮ್ಮ ಟೀಮಿನಲ್ಲಿ ಪ್ರತಿ ಶುಕ್ರವಾರ ಯಾರ ಹೆಸರಲ್ಲಿ ಎಷ್ಟು ಬಗ್ ಬಾಕಿ ಇದೆ ಅಂತ ಪಟ್ಟಿ ಹಾಕುತ್ತಿದ್ದರು. ಗುರುವಾರ ರಾತ್ರಿ ನಾನೇ ಎಷ್ಟೋ ಬಗ್‌ಗಳನ್ನು ‘ರೀಪ್ರೊಡ್ಯೂಸ್ ಆಗ್ತಿಲ್ಲ’ ಅಂತ ಬರೆದು ಮುಚ್ಚಿದ್ದೇನೆ. ಬಗ್ ಇತ್ತು. ನನ್ನ ಲೆಕ್ಕದಲ್ಲಿ ಇರಲಿಲ್ಲ, ಅಷ್ಟೇ.

ಈ ಆಟ ಎಷ್ಟು ಹಳೆಯದು ಅಂತ ಹುಡುಕುತ್ತಾ ಹೋದೆ. ಬಹಳ ಹಳೆಯದು.

ಕೆಲಸದ ಪಟ್ಟಿ

ಮೊದಲು ಅರ್ಥಶಾಸ್ತ್ರ. ಈ ಗ್ರಂಥದ ತಾಳೆಗರಿ ಪ್ರತಿ ಸಿಕ್ಕಿದ್ದು ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿ, 1909ರಲ್ಲಿ ಅದನ್ನು ಮೊದಲು ಅಚ್ಚು ಹಾಕಿಸಿದವರು ಆರ್. ಶಾಮಶಾಸ್ತ್ರಿಗಳು. ಅದರಲ್ಲಿ ‘ನಾಗರಕ’ ಅಂತ ಒಬ್ಬ ಅಧಿಕಾರಿ ಬರುತ್ತಾನೆ. ಊರಿನ ಉಸ್ತುವಾರಿ ಅವನದು. ಅವನ ಕೈಕೆಳಗೆ ಊರಿನ ನಾಲ್ಕು ಭಾಗಕ್ಕೆ ಒಬ್ಬೊಬ್ಬ ಸ್ಥಾನಿಕ, ಹತ್ತು, ಇಪ್ಪತ್ತು ಅಥವಾ ನಲವತ್ತು ಮನೆಗಳಿಗೆ ಒಬ್ಬ ಗೋಪ. ಆ ಮನೆಗಳಲ್ಲಿ ಯಾರಿದ್ದಾರೆ, ಏನು ಕೆಲಸ, ಆದಾಯ ಎಷ್ಟು, ಖರ್ಚು ಎಷ್ಟು, ಎಲ್ಲ ಗೋಪನಿಗೆ ಗೊತ್ತಿರಬೇಕು. ಛತ್ರದವರು ಬಂದ ಅತಿಥಿಗಳ ಸುದ್ದಿ ಕೊಡಬೇಕು. ಗುಟ್ಟಾಗಿ ಗಾಯಕ್ಕೆ ಔಷಧಿ ಮಾಡಿಸಿಕೊಳ್ಳೋಕೆ ಬಂದವನ ಬಗ್ಗೆ ವೈದ್ಯ ತಿಳಿಸಬೇಕು. ಬೆಂಕಿ ಬಿದ್ದರೆ ಅಂತ ಮನೆಮನೆಯಲ್ಲಿ ನೀರಿನ ಕೊಡ, ಏಣಿ, ಕೊಡಲಿ ಇಟ್ಟಿರಬೇಕು, ಇಲ್ಲದಿದ್ದರೆ ದಂಡ. ರಾತ್ರಿ ವಾದ್ಯ ಬಾರಿಸಿದ ಮೇಲೆ ಸುಮ್ಮನೆ ಓಡಾಡುವಂತಿಲ್ಲ. ಜನ ಕಳೆದುಕೊಂಡ, ಮರೆತು ಬಿಟ್ಟುಹೋದ ವಸ್ತುಗಳನ್ನು ಜೋಪಾನ ಮಾಡೋದೂ ನಾಗರಕನ ಕೆಲಸವೇ. ಅಂದರೆ ಇವತ್ತಿನ ಪೊಲೀಸು, ಫೈರ್ ಬ್ರಿಗೇಡ್, ನಗರಸಭೆ ಮೂರೂ ಒಬ್ಬನೇ.

ಈಗ ಸೀದಾ ಹದಿನಾರನೇ ಶತಮಾನದ ಕೊನೆಗೆ ಬನ್ನಿ. ಅಕ್ಬರನ ಆಸ್ಥಾನದ ಅಬುಲ್ ಫಜಲ್ ಬರೆದ ‘ಆಯಿನ್-ಇ-ಅಕ್ಬರಿ’ಯಲ್ಲಿ ಕೊತ್ವಾಲನಿಗೇ ಒಂದು ಪುಟ್ಟ ಅಧ್ಯಾಯ ಇದೆ. ಕೊತ್ವಾಲ ಅನ್ನೋ ಪದವೇ ಕೋಟೆ ಕಾಯುವವನು ಅನ್ನೋ ಅರ್ಥದ ಸಂಸ್ಕೃತ ಪದದಿಂದ ಬಂದದ್ದು ಅಂತ ಪಂಡಿತರು ಹೇಳ್ತಾರೆ. ಅದನ್ನು ಓದಿದರೆ ಜಾಬ್ ಡಿಸ್ಕ್ರಿಪ್ಷನ್ ಓದಿದ ಹಾಗೇ ಇದೆ. ಮನೆಗಳನ್ನೂ ಜನ ಓಡಾಡುವ ದಾರಿಗಳನ್ನೂ ಪಟ್ಟಿ ಮಾಡು. ಇಷ್ಟು ಮನೆ ಸೇರಿಸಿ ಒಂದು ಮೊಹಲ್ಲಾ ಮಾಡಿ ಅದಕ್ಕೊಬ್ಬ ಮುಖ್ಯಸ್ಥನನ್ನು ನೇಮಿಸು, ಯಾರು ಬಂದರು, ಯಾರು ಹೋದರು ಅಂತ ದಿನಾ ವರದಿ ತರಿಸಿಕೊ. ಗುರುತು ಪರಿಚಯ ಇಲ್ಲದವರಿಗೆ ಬೇರೆಯದೇ ಒಂದು ಸರಾಯಿ ಇಡು. ತೂಕ, ಅಳತೆ, ಬೆಲೆ ನೋಡಿಕೊ. ಇಷ್ಟವಿಲ್ಲದ ಹೆಂಗಸನ್ನು ಚಿತೆಗೆ ಹಾಕಲು ಬಿಡಬೇಡ. ಕೆಲಸ ಇಲ್ಲದವರನ್ನು ಯಾವುದಾದರೂ ಕಸುಬಿಗೆ ಹಚ್ಚು.

ಇದರಲ್ಲಿ ‘ಗುರುತು ಪರಿಚಯ ಇಲ್ಲದವರ ಸರಾಯಿ’ ಅನ್ನೋ ಜಾಗದಲ್ಲಿ ನಾನು ನಿಂತೆ. ಮನೆ ಬಾಡಿಗೆಗೆ ತಗೊಂಡಾಗ ಓನರ್ ನಿಮ್ಮ ಆಧಾರ್, ಫೋಟೋ ತಗೊಂಡು ಪೊಲೀಸ್ ವೆರಿಫಿಕೇಶನ್ ಅಂತ ಮಾಡಿಸ್ತಾರಲ್ಲ, ಅದು ನಿನ್ನೆ ಮೊನ್ನೆಯದಲ್ಲ. ಹೊರಗಿನಿಂದ ಬಂದವರು ಊರಿಗೆ ಬೇಕು, ಆದರೆ ಲೆಕ್ಕದಲ್ಲಿರಬೇಕು. ನಾಗರಕನ ಕಾಲದಿಂದ ನಾವು ಆ ಲೆಕ್ಕದ ಜನ.

ಅರ್ಹತೆ

ಇವತ್ತು ಒಂದು ಜಿಲ್ಲೆಯ ಎಸ್‌ಪಿ ಆಗೋಕೆ ಪದವಿ, ವಯಸ್ಸು, ಯುಪಿಎಸ್‌ಸಿ ಪರೀಕ್ಷೆ, ತರಬೇತಿ ಎಲ್ಲ ಬೇಕು, ಇಲ್ಲಾಂದ್ರೆ ರಾಜ್ಯ ಸೇವೆಯಿಂದ ಬಡ್ತಿ ಪಡೆದು ಬರಬೇಕು. ಕರ್ನಾಟಕದಲ್ಲಿ ಬೆಂಗಳೂರು, ಮೈಸೂರು, ಹುಬ್ಬಳ್ಳಿ-ಧಾರವಾಡ, ಮಂಗಳೂರು, ಬೆಳಗಾವಿ, ಕಲಬುರಗಿಗಳಿಗೆ ಕಮಿಷನರ್ ಇದ್ದಾರೆ. ದಾವಣಗೆರೆ, ಶಿವಮೊಗ್ಗ, ಹಾಸನದಂಥ ಊರುಗಳು ಜಿಲ್ಲೆಯ ಎಸ್‌ಪಿ ಕೈಕೆಳಗೆ ಬರುತ್ತವೆ.

ಅಬುಲ್ ಫಜಲ್ ಪರೀಕ್ಷೆಯ ಮಾತೇ ಎತ್ತಲ್ಲ. ಅವನು ಕೇಳೋದು ಏಳು ಗುಣ: ಗಟ್ಟಿತನ, ಅನುಭವ, ಚುರುಕು, ಯೋಚಿಸಿ ನಡೆಯುವ ಸ್ವಭಾವ, ತಾಳ್ಮೆ, ಜಾಣತನ, ಮನುಷ್ಯತ್ವ. ಕೊನೆಯದನ್ನು ಗಮನಿಸಿ. ಅಷ್ಟೊಂದು ಅಧಿಕಾರ, ಅಷ್ಟೊಂದು ಮನೆಗಳ ಗುಟ್ಟು ಒಬ್ಬನ ಕೈಗೆ ಕೊಡುವಾಗ ಮನುಷ್ಯತ್ವ ಇರಲಿ ಅಂತ ಬರೆಯೋದು ಸುಲಭ. ಇಂಟರ್‌ವ್ಯೂನಲ್ಲಿ ಅದನ್ನು ಅಳೆಯೋದು ಹೇಗೆ? ನಾವು ಹತ್ತು ಕೋಡಿಂಗ್ ಪ್ರಶ್ನೆ ಕೇಳಿ ತಗೊಂಡ ಮನುಷ್ಯ ಹೇಗೆ ಅಂತ ಆರು ತಿಂಗಳ ಮೇಲೇ ಗೊತ್ತಾಗೋದು.

ಹಳೇ ಕಾಲದವರಿಗೂ ಇದು ಗೊತ್ತಿತ್ತು ಅನಿಸುತ್ತೆ. ಅದಕ್ಕೇ ಗುಣಗಳ ಮೇಲೆ ಪೂರ್ತಿ ಭಾರ ಹಾಕದೆ ಒಂದು ಷರತ್ತು ಸೇರಿಸಿದ್ದರು.

ದುಡ್ಡು ಕಟ್ಟುವ ಷರತ್ತು

ಆಯಿನ್‌ನಲ್ಲಿ ಸ್ಪಷ್ಟವಾಗಿದೆ: ಕೊತ್ವಾಲ ಕಳ್ಳನನ್ನೂ ಕದ್ದ ಮಾಲನ್ನೂ ಪತ್ತೆ ಮಾಡಬೇಕು, ಇಲ್ಲದಿದ್ದರೆ ಆ ನಷ್ಟಕ್ಕೆ ಅವನೇ ಹೊಣೆ.

ಇದು ಮೊಗಲರು ಹುಟ್ಟಿಸಿದ ಐಡಿಯಾ ಅಲ್ಲ. ಕಳ್ಳರು ಒಯ್ದದ್ದು ಸಿಗದಿದ್ದರೆ ರಾಜ ತನ್ನ ಬೊಕ್ಕಸದಿಂದ ಕೊಡಬೇಕು ಅಂತ ಅರ್ಥಶಾಸ್ತ್ರದಲ್ಲಿದೆ. ಯಾಜ್ಞವಲ್ಕ್ಯ ಸ್ಮೃತಿಯೂ ಇದನ್ನೇ ಹೇಳುತ್ತೆ, ಕೊಡದ ರಾಜನಿಗೆ ಪಾಪ ಅಂತಲೂ ಹೇಳುತ್ತೆ. ಆ ಸ್ಮೃತಿಗೆ ಮಿತಾಕ್ಷರ ಅನ್ನೋ ದೊಡ್ಡ ವ್ಯಾಖ್ಯಾನ ಬರೆದ ವಿಜ್ಞಾನೇಶ್ವರ ಇದ್ದದ್ದು ನಮ್ಮ ಬೀದರ್ ಜಿಲ್ಲೆಯ ಕಲ್ಯಾಣದಲ್ಲಿ, ಚಾಲುಕ್ಯ ಆರನೇ ವಿಕ್ರಮಾದಿತ್ಯನ ಕಾಲದಲ್ಲಿ.

ತರ್ಕ ಸರಳ. ನೀನು ತೆರಿಗೆ ತಗೊಳ್ತೀಯ, ಕಾಯ್ತೀನಿ ಅಂತ ಮಾತು ಕೊಟ್ಟಿದ್ದೀಯ. ಕಾಯಲಿಲ್ಲ, ದುಡ್ಡು ವಾಪಸ್ ಕೊಡು. ನಮ್ಮ ಭಾಷೆಯಲ್ಲಿ ಹೇಳೋದಾದರೆ ಎಸ್‌ಎಲ್‌ಎ ಮುರಿದರೆ ಪೆನಾಲ್ಟಿ. ಮೊದಲ ಸಲ ಓದಿದಾಗ ನಾನು ಕುರ್ಚಿಯಿಂದ ಎದ್ದು ಕೂತೆ. ಇದೊಂದು ನಿಯಮ 2019ರಲ್ಲಿ ಇದ್ದಿದ್ದರೆ ನನಗೆ ಲ್ಯಾಪ್‌ಟಾಪ್ ದುಡ್ಡು ಬರುತ್ತಿತ್ತಲ್ಲ!

ಆದರೆ ನಿಯಮ ಜಾರಿಯಲ್ಲಿದ್ದ ಊರುಗಳಿಗೆ ಹೋಗಿ ಬಂದವರು ಬರೆದದ್ದನ್ನು ಓದಿದ ಮೇಲೆ ಉತ್ಸಾಹ ಇಳಿಯಿತು.

1443ರಲ್ಲಿ ಪರ್ಷಿಯಾದ ರಾಯಭಾರಿ ಅಬ್ದುರ್ ರಜಾಕ್ ವಿಜಯನಗರಕ್ಕೆ ಬಂದ. ಟಂಕಸಾಲೆಯ ಎದುರಿಗೆ ಊರಿನ ಅಧಿಕಾರಿಯ ಕಚೇರಿ, ಅವನ ಕೈಕೆಳಗೆ 12,000 ಕಾವಲುಗಾರರು, ದಿನಕ್ಕೆ ಅವರ ಸಂಬಳ 12,000 ಹಣ, ಅದು ಬರೋದು ವೇಶ್ಯಾಗೃಹಗಳ ತೆರಿಗೆಯಿಂದ ಅಂತ ಬರೆಯುತ್ತಾನೆ. ಏಳು ಸುತ್ತಿನ ಕೋಟೆಯೊಳಗೆ ಏನೇ ನಡೆದರೂ ಇವರಿಗೆ ತಿಳಿದಿರಬೇಕು, ಕಳುವಾದದ್ದನ್ನು ಹುಡುಕಿಕೊಡಬೇಕು, ಇಲ್ಲಾಂದ್ರೆ ದಂಡ. ತನ್ನ ಕಣ್ಣೆದುರಿನ ಒಂದು ಉದಾಹರಣೆಯನ್ನೂ ಕೊಡುತ್ತಾನೆ. ಅವನ ಜೊತೆಗಾರ ಕೊಂಡಿದ್ದ ಗುಲಾಮರು ಓಡಿಹೋದರು. ದೂರು ಹೋಯಿತು. ಅಧಿಕಾರಿ ಏನು ಮಾಡಿದ? ಬಡವರಲ್ಲಿ ಬಡವರು ಇರುವ ಕೇರಿಯ ಕಾವಲುಗಾರರನ್ನು ಕರೆಸಿ, ಹುಡುಕಿ ತನ್ನಿ, ಇಲ್ಲಾ ದುಡ್ಡು ಕಟ್ಟಿ ಅಂದ. ಅವರು ಬೆಲೆ ಎಷ್ಟು ಅಂತ ಕೇಳಿ ಕಟ್ಟಿದರು.

ರಜಾಕ್ ಇದನ್ನು ಮೆಚ್ಚುಗೆಯಿಂದ ಬರೆದಿದ್ದಾನೆ. ದೂರುದಾರನಿಗೆ ದುಡ್ಡು ಸಿಕ್ಕಿತು, ಸರಿ. ಆದರೆ ದಂಡ ಮೇಲಿನಿಂದ ಉರುಳಿ ಉರುಳಿ ಎಲ್ಲಿ ನಿಂತಿತು ನೋಡಿ. ಪ್ರೊಡಕ್ಷನ್ ಡೌನ್ ಆದಾಗ ಮ್ಯಾನೇಜರ್‌ನಿಂದ ಲೀಡ್‌ಗೆ, ಲೀಡ್‌ನಿಂದ ಹೊಸದಾಗಿ ಸೇರಿದ ಹುಡುಗನಿಗೆ ಇಳಿದು ಬರುವ ಬೈಗುಳದ ದಾರಿಯೇ ಇದು. ಓಡಿಹೋದವರನ್ನು ಗುಲಾಮರು ಅಂತ ಮಾಲಿನ ಲೆಕ್ಕದಲ್ಲಿ ಸೇರಿಸಿದ್ದ ಕಾಲ ಅದು ಅನ್ನೋದನ್ನೂ ಮರೆಯೋದು ಬೇಡ.

ಸುಮಾರು ತೊಂಬತ್ತು ವರ್ಷದ ಮೇಲೆ ಅದೇ ಊರಿನ ಬಗ್ಗೆ ಪೋರ್ಚುಗೀಸ್ ಕುದುರೆ ವ್ಯಾಪಾರಿ ಫೆರ್ನಾವ್ ನೂನಿಸ್ ಬರೆಯುತ್ತಾನೆ. ರಾಜಧಾನಿಯಲ್ಲಿ ಕಳ್ಳತನ ಆದರೆ ಮುಖ್ಯ ಅಧಿಕಾರಿ ಉತ್ತರ ಕೊಡಬೇಕು, ಹಾಗಾಗಿ ಕಳ್ಳತನ ಕಡಿಮೆ ಅನ್ನುತ್ತಾನೆ. ಅದರ ಬೆನ್ನಿಗೇ, ಕಳುವಾದರೆ ಒಂದು ಸಣ್ಣ ಕಾಣಿಕೆ ಕೊಟ್ಟು ಕಳ್ಳನ ಚಹರೆ ಹೇಳಿದರೆ ಅವನು ಊರಲ್ಲಿದ್ದಾನೋ ಇಲ್ಲವೋ ಅಂತ ಮಂತ್ರವಾದಿಗಳ ಮೂಲಕ ಪತ್ತೆ ಮಾಡಿಸುತ್ತಾರೆ ಅಂತಲೂ ಬರೆಯುತ್ತಾನೆ. ಮಂತ್ರವಾದಿ ಹೋಗಲಿ ಬಿಡಿ. ಆ ‘ಸಣ್ಣ ಕಾಣಿಕೆ’ ಅನ್ನೋ ಮಾತು ನಮಗೆ ವಿವರಿಸಿ ಹೇಳೋದೇ ಬೇಡ.

ಸೂರತ್ತಿನ ಅರ್ಮೇನಿಯನ್

ಈಗ ನನ್ನ ಲ್ಯಾಪ್‌ಟಾಪ್ ಕಥೆಯ ಅಣ್ಣನಂಥ ಕಥೆ. 1666ರಲ್ಲಿ ಫ್ರಾನ್ಸಿನ ಪ್ರವಾಸಿ ತೆವೆನೋ ಸೂರತ್ತಿಗೆ ಬಂದ. ಅಲ್ಲಿನ ಕೊತ್ವಾಲ ರಾತ್ರಿ ಒಂಬತ್ತಕ್ಕೆ, ಹನ್ನೆರಡಕ್ಕೆ, ಮೂರಕ್ಕೆ ವಾದ್ಯದ ಸದ್ದು ಮಾಡಿಸುತ್ತಾ ಗಸ್ತು ತಿರುಗುತ್ತಾನೆ ಅಂತ ವಿವರಿಸಿ, ಊರಲ್ಲಿ ಆದ ಕಳ್ಳತನಕ್ಕೆ ಅವನೇ ಹೊಣೆ ಅನ್ನುತ್ತಾನೆ. ಆಮೇಲೆ ಅಲ್ಲಿ ನಡೆದ ಒಂದು ಘಟನೆ.

ಮಿನಾಸ್ ಅನ್ನೋ ಅರ್ಮೇನಿಯನ್ ವ್ಯಾಪಾರಿಯ 2,400 ಚಿನ್ನದ ನಾಣ್ಯ ಕಳುವಾಯಿತು. ಅವನೂ ದೂರದ ಊರಿಂದ ಬಂದವನೇ. ದೂರು ಕೊಟ್ಟ. ಎಷ್ಟು ಹುಡುಕಿದರೂ ಮಾಲು ಸಿಗಲಿಲ್ಲ. ನಿಯಮದ ಪ್ರಕಾರ ಈಗ ಕೊತ್ವಾಲ ಕಟ್ಟಬೇಕು. ಅವನು ಊರಿನ ಗವರ್ನರ್ ಹತ್ತಿರ ಹೋಗಿ, ಕಟ್ಟುತ್ತೇನೆ, ಆದರೆ ನಿಜಕ್ಕೂ ಕಳುವಾಗಿದೆಯೋ ಇಲ್ಲವೋ ಅಂತ ಮೊದಲು ಗೊತ್ತಾಗಬೇಕು, ಅದಕ್ಕೆ ಮಿನಾಸನಿಗೇ ಚಿತ್ರಹಿಂಸೆ ಕೊಟ್ಟು ವಿಚಾರಿಸಲು ಅನುಮತಿ ಕೊಡಿ ಅಂದ. ಅನುಮತಿ ಸಿಕ್ಕಿತು. ಸುದ್ದಿ ಮಿನಾಸನ ಕಿವಿಗೆ ಬಿತ್ತು. ದುಡ್ಡು ಹೋದರೆ ಹೋಗಲಿ ಅಂತ ಅವನು ದೂರನ್ನೇ ಕೈಬಿಟ್ಟ.

ಒಂದು ಸಲ ನಿಧಾನವಾಗಿ ಯೋಚಿಸಿ. ಇಲ್ಲಿ ನಿಯಮ ಮುರಿದವರು ಯಾರೂ ಇಲ್ಲ. ಕೊತ್ವಾಲ ಕಟ್ಟಲ್ಲ ಅನ್ನಲೇ ಇಲ್ಲ. ಕಳ್ಳತನವೇ ಇಲ್ಲ ಅಂತ ಆಗಿಹೋಯಿತು, ಅಷ್ಟೇ. ಕಳುವಾದರೆ ದಂಡ ಕಟ್ಟಬೇಕಾದವನೂ, ಕಳುವಾಗಿದೆಯೋ ಇಲ್ಲವೋ ಅಂತ ತೀರ್ಮಾನ ಮಾಡುವವನೂ ಒಬ್ಬನೇ ಆದರೆ ಹೀಗೇ ಆಗೋದು. ಸೂರತ್ತಿನಲ್ಲಿ ಅದಕ್ಕೆ ಚಿತ್ರಹಿಂಸೆಯ ಬೆದರಿಕೆ ಬೇಕಾಯಿತು. ನನ್ನ ವಿಷಯದಲ್ಲಿ ಒಂದು ಲೋಟ ನೀರು, ಒಂದು ಮರಾಠಿ ಪದ ಸಾಕಾಯಿತು.

ಪುಣೆ, 1791

ಪುಣೆಯಲ್ಲಿದ್ದುಕೊಂಡು ಕೊತ್ವಾಲನ ಮಾತಾಡಿ ಘಾಶೀರಾಮನನ್ನು ಬಿಡೋಕೆ ಆಗಲ್ಲ. ವಿಜಯ್ ತೆಂಡೂಲ್ಕರ್ ಅವರ 1972ರ ನಾಟಕದಿಂದ ಆ ಹೆಸರು ಎಲ್ಲರಿಗೂ ಗೊತ್ತು. ನಾಟಕ ಬೇರೆ, ಇತಿಹಾಸ ಬೇರೆ. ಆದರೆ ಘಾಶೀರಾಮ ನಿಜವಾಗಿ ಇದ್ದವನು. ಉತ್ತರದ ಕಡೆಯ ಬ್ರಾಹ್ಮಣ, ನಾನಾ ಫಡ್ನವೀಸನ ಕಾಲದಲ್ಲಿ 1777ರಿಂದ 1791ರವರೆಗೆ ಪುಣೆಯ ಕೊತ್ವಾಲ.

ಪೇಶ್ವೆ ಕಾಲದ ಪುಣೆ ಕೊತ್ವಾಲನ ಕೆಲಸದ ಪಟ್ಟಿಯೂ ಉದ್ದವೇ: ಪೇಟೆಯ ಬೆಲೆ ನೋಡೋದು, ಬೀದಿ-ಮನೆಗಳ ಜಗಳ ತೀರಿಸೋದು, ಜಾಗದ ಮಾರಾಟ ದಾಖಲಿಸೋದು, ಊರೊಳಗೆ ಬರುವವರ ಹೋಗುವವರ ಲೆಕ್ಕ ಇಡೋದು.

1791ರ ಆಗಸ್ಟ್‌ನಲ್ಲಿ ತೆಲಂಗ ಸೀಮೆಯಿಂದ ಬಂದಿದ್ದ ಮೂವತ್ತಕ್ಕೂ ಹೆಚ್ಚು ಬ್ರಾಹ್ಮಣರನ್ನು ಹಿಡಿದು ಒಂದು ಇಕ್ಕಟ್ಟಾದ ಕೋಣೆಯಲ್ಲಿ ರಾತ್ರಿಯಿಡೀ ಕೂಡಿಹಾಕಲಾಯಿತು. ಬಾಗಿಲು ತೆಗೆಸಿದಾಗ ಇಪ್ಪತ್ತಕ್ಕೂ ಹೆಚ್ಚು ಜನ ಉಸಿರು ಕಟ್ಟಿ ಸತ್ತಿದ್ದರು. ಊರು ಸಿಡಿದೆದ್ದಿತು. ಘಾಶೀರಾಮನನ್ನು ಮೆರವಣಿಗೆ ಮಾಡಿ ಕಲ್ಲು ಹೊಡೆದು ಕೊಂದರು.

ನಾನು ಗಮನಿಸಿದ್ದು ಸತ್ತವರು ಯಾರು ಅನ್ನೋದನ್ನು. ದಕ್ಷಿಣದಿಂದ ಬಂದವರು, ಊರಿನವರ ಪರಿಚಯ ಇಲ್ಲದವರು, ಅಲ್ಲಿನ ಭಾಷೆ ಮಾತಾಡದ ಸೀಮೆಯವರು. ಬಂದವರ ಹೋದವರ ಪಟ್ಟಿ ಇಡುವ ಮನುಷ್ಯನ ಕೈಯಲ್ಲೇ ಅವರ ಜೀವ ಹೋಯಿತು. ಲೆಕ್ಕ ಇಡೋದೂ ಕಾಯೋದೂ ಒಂದೇ ಅಲ್ಲ ಅಂತ ಪುಣೆಯ ಹಳೇ ಪೇಟೆಗಳಲ್ಲಿ ಓಡಾಡುವಾಗೆಲ್ಲ ಅನಿಸುತ್ತೆ. ಇನ್ನೊಂದು ಕಡೆ, ಕೊತ್ವಾಲನಿಗೆ ಲೆಕ್ಕ ಕೇಳೋಕೆ ಊರಿನವರಿಗೆ ಕೊನೆಗೆ ಉಳಿದ ದಾರಿ ಕಲ್ಲು. ಅದೂ ನ್ಯಾಯ ಅಲ್ಲ.

ದಂಡದಿಂದ ಬಹುಮಾನಕ್ಕೆ

ಬ್ರಿಟಿಷರು ಬಂದು ಲೆಕ್ಕವನ್ನು ತಲೆಕೆಳಗೆ ಮಾಡಿದರು. ಬಂಗಾಳದಲ್ಲಿ ಕಾರ್ನ್‌ವಾಲಿಸ್ 1793ರ ಹೊತ್ತಿಗೆ ದರೋಗಾಗಳನ್ನು ನೇಮಿಸಿದಾಗ, ಶಿಕ್ಷೆಯಾದ ಪ್ರತಿ ಡಕಾಯಿತನಿಗೆ 10 ರೂಪಾಯಿ, ವಾಪಸ್ ಸಿಕ್ಕ ಮಾಲಿನ ಬೆಲೆಯಲ್ಲಿ ಶೇಕಡಾ 10 ದರೋಗಾಗೆ ಅಂತ ಮಾಡಿದರು. ಸಿಗದಿದ್ದರೆ ದಂಡ ಅನ್ನೋದು ಹೋಗಿ ಸಿಕ್ಕರೆ ಬಹುಮಾನ ಬಂತು. ಹಾಗೆ ಮಾಡಿದರೆ ಯಾರನ್ನಾದರೂ ಹಿಡಿದು ಡಕಾಯಿತ ಅನ್ನೋ ಆಸೆ ಹುಟ್ಟುತ್ತೆ ಅಂತ ಊಹಿಸೋಕೆ ಎಂಟೆಕ್ ಬೇಕಿಲ್ಲ.

ಆಮೇಲೆ 1857 ನಡೆಯಿತು, 1861ರಲ್ಲಿ ಪೊಲೀಸ್ ಕಾಯ್ದೆ ಬಂತು. ಅದರ 23ನೇ ಕಲಮಿನಲ್ಲಿ ಪೊಲೀಸರ ಕರ್ತವ್ಯಗಳ ಪಟ್ಟಿ ಇದೆ. ಅಬುಲ್ ಫಜಲ್‌ನ ಪಟ್ಟಿ ಶುರುವಾಗೋದು ಮನೆಗಳನ್ನು ಬರೆದುಕೊಳ್ಳೋದರಿಂದ. 1861ರ ಪಟ್ಟಿ ಶುರುವಾಗೋದು ಮೇಲಿನವರ ಆದೇಶ ಪಾಲಿಸೋದರಿಂದ. ಕಳ್ಳತನ ತಡೆಯೋದು, ಅಪರಾಧಿಗಳನ್ನು ಪತ್ತೆ ಮಾಡೋದು ಆಮೇಲೆ ಬರುತ್ತೆ. ನಷ್ಟ ಕಟ್ಟಿಕೊಡುವ ಮಾತು ಇಲ್ಲವೇ ಇಲ್ಲ. ಆಮೇಲೆ ರಾಜ್ಯಗಳು ತಮ್ಮದೇ ಕಾಯ್ದೆ ಮಾಡಿಕೊಂಡವು, ಕರ್ನಾಟಕದ್ದು 1963ರದ್ದು. 2006ರಲ್ಲಿ ಪ್ರಕಾಶ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಎಸ್‌ಪಿ ಮತ್ತು ಠಾಣಾಧಿಕಾರಿಗಳಿಗೆ ಕನಿಷ್ಠ ಎರಡು ವರ್ಷ ಅವಧಿ ಕೊಡಿ ಅಂತ ಹೇಳಬೇಕಾಯಿತು. ಎಷ್ಟೇ ಒಳ್ಳೆಯ ಅಧಿಕಾರಿಯಾದರೂ ಊರಿನ ಗಲ್ಲಿ ಗೊತ್ತಾಗುವ ಮೊದಲೇ ವರ್ಗ ಮಾಡಿದರೆ ಅಬುಲ್ ಫಜಲ್‌ನ ಏಳು ಗುಣ ಇಟ್ಟುಕೊಂಡು ಏನು ಮಾಡ್ತಾರೆ?

ಎಣಿಸುವವನು ಬೇರೆ ಇರಲಿ

ಹಾಗಾದರೆ ಹಳೇ ಷರತ್ತು ವಾಪಸ್ ಬರಲಿ ಅಂತೀರಾ? ನಾನು ಬೇಡ ಅಂತೀನಿ. ವಿಜಯನಗರದಲ್ಲಿ ದಂಡ ಬಡ ಕಾವಲುಗಾರನ ಮೇಲೆ ಬಿತ್ತು, ಸೂರತ್ತಿನಲ್ಲಿ ದೂರುದಾರನ ಮೇಲೇ ತಿರುಗಿತು. ದಂಡವೋ ಬಹುಮಾನವೋ ಅನ್ನೋದಕ್ಕಿಂತ, ಕಳ್ಳತನ ಆಗಿದೆ ಅಂತ ಬರೆಯುವ ಅಧಿಕಾರ ಯಾರದು ಅನ್ನೋದು ದೊಡ್ಡ ಪ್ರಶ್ನೆ. ಈಗ ನಮ್ಮ ಟೀಮಿನಲ್ಲಿ ಕೋಡ್ ಬರೆದವನು ತನ್ನ ಬಗ್ ತಾನೇ ಮುಚ್ಚುವಂತಿಲ್ಲ. ದೂರು ಕೊಟ್ಟವರು ಸರಿ ಅಂದ ಮೇಲೇ ಮುಚ್ಚಬೇಕು. ಇಷ್ಟು ಮಾಡಿದ ಮೊದಲ ತಿಂಗಳು ಬಗ್‌ಗಳ ಸಂಖ್ಯೆ ಜಾಸ್ತಿ ಆಯಿತು. ಕೋಡ್ ಕೆಟ್ಟಿರಲಿಲ್ಲ, ಲೆಕ್ಕ ಸರಿಯಾಗಿತ್ತು.

ಕಾನೂನು ಈ ಕಡೆ ಒಂದು ಹೆಜ್ಜೆ ಇಟ್ಟಿದೆ. 2013ರ ಲಲಿತಾ ಕುಮಾರಿ ತೀರ್ಪಿನಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ, ಸಂಜ್ಞೇಯ ಅಪರಾಧದ ಮಾಹಿತಿ ಬಂದರೆ ಎಫ್‌ಐಆರ್ ದಾಖಲಿಸಲೇಬೇಕು ಅಂದಿತು. ಅಪರಾಧಗಳ ಅಂಕಿಅಂಶ ಕೊಡುವ ಎನ್‌ಸಿಆರ್‌ಬಿ ಕೂಡ, ಅಪರಾಧ ಹೆಚ್ಚೋದು ಬೇರೆ, ಅಪರಾಧದ ದಾಖಲೆ ಹೆಚ್ಚೋದು ಬೇರೆ ಅಂತ ತನ್ನ ವರದಿಯಲ್ಲೇ ಎಚ್ಚರಿಸುತ್ತೆ. ಒಂದು ಊರಿನ ಪೊಲೀಸ್ ಮುಖ್ಯಸ್ಥ ಒಳ್ಳೆಯವನಾಗಿದ್ದರೆ ಅವನ ಮೊದಲ ವರ್ಷ ಕೇಸುಗಳು ಹೆಚ್ಚಾಗಬಹುದು. ಅವನ ಮೇಲಿನವರು, ಪತ್ರಿಕೆಗಳು, ನಾವು, ಎಲ್ಲರೂ ಅದನ್ನು ಅರ್ಥ ಮಾಡಿಕೊಂಡರೆ ಮಾತ್ರ ಠಾಣೆಯವನು ಧೈರ್ಯವಾಗಿ ‘ಕಳ್ಳತನ’ ಅಂತ ಬರೆಯುತ್ತಾನೆ.

ಪರಊರಲ್ಲಿರುವ ನಮಗೆ ಉಪಯೋಗಕ್ಕೆ ಬರುವ ಮೂರು ಮಾತು. ಒಂದು, ಓದೋಕೆ ಬರದ ಭಾಷೆಯ ದೂರಿಗೆ ಸಹಿ ಹಾಕಬೇಡಿ. ಯಾರಿಂದಲಾದರೂ ಓದಿಸಿಕೊಳ್ಳಿ, ನಿಮಗೆ ಓದಿ ಹೇಳಬೇಕು ಅಂತ ಕಾನೂನಿನಲ್ಲೇ ಇದೆ. ಎರಡು, ಠಾಣೆಯಲ್ಲಿ ದಾಖಲಿಸದಿದ್ದರೆ ವಿಷಯವನ್ನು ಬರೆದು ಎಸ್‌ಪಿಗೆ ಅಂಚೆಯಲ್ಲಿ ಕಳಿಸಬಹುದು. ಕಮಿಷನರ್ ಇರುವ ಊರಾದರೆ ಡಿಸಿಪಿಗೆ. ಮೂರು, 2024ರ ಜುಲೈ 1ರಿಂದ ಜಾರಿಗೆ ಬಂದ ಹೊಸ ಸಂಹಿತೆಯ ಪ್ರಕಾರ ಯಾವ ಠಾಣೆಯಲ್ಲಾದರೂ ದೂರು ಕೊಡಬಹುದು, ಆನ್‌ಲೈನ್‌ನಲ್ಲೂ ಕೊಡಬಹುದು. ಆನ್‌ಲೈನ್‌ನಲ್ಲಿ ಕೊಟ್ಟರೆ ಮೂರು ದಿನದೊಳಗೆ ಹೋಗಿ ಸಹಿ ಹಾಕಬೇಕು.

ನಾನು ಎರಡನೇ ದಾರಿ ಹಿಡಿದಿದ್ದೆ. ಒಂದೂವರೆ ಪುಟದ ಕಾಗದ, ಸ್ಪೀಡ್ ಪೋಸ್ಟ್. ಎರಡು ವಾರದ ಮೇಲೆ ಅದೇ ಠಾಣೆಯಿಂದ ಫೋನ್ ಬಂತು, ಹೋದೆ. ಅದೇ ವ್ಯಕ್ತಿ, ಅದೇ ನೀರಿನ ಲೋಟ. ಈ ಸಲ ಮರಾಠಿ ಗೊತ್ತಿರುವ ಗೆಳೆಯನನ್ನು ಕರೆದುಕೊಂಡು ಹೋಗಿದ್ದೆ. ಅವನು ಸಾಲು ಸಾಲಾಗಿ ಓದಿ ಹೇಳಿದ. ‘ಚೋರೀಲಾ ಗೇಲಾ’ ಅನ್ನೋ ಸಾಲು ಬಂದ ಮೇಲೆ ಸಹಿ ಹಾಕಿದೆ.

ಲ್ಯಾಪ್‌ಟಾಪ್ ಇವತ್ತಿಗೂ ಸಿಕ್ಕಿಲ್ಲ.